ನಕಲಿ ಕೋಬ್ರಾ, ಅಸಲಿ ಹೊಣೆ

ಅರವತ್ತರ ದಶಕದ ಒಂದು ಸ್ಪೋರ್ಟ್ಸ್ ಕಾರನ್ನು ಮನೆಯ ಗ್ಯಾರೇಜಿನಲ್ಲೇ ಮರಳಿ ಕಟ್ಟುವ ಹವ್ಯಾಸ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಒಂದು ಉದ್ಯಮವಾಗಿಯೇ ಬೆಳೆದಿದೆ. ಅದರ ಹಿಂದಿನ ಇತಿಹಾಸ, ತಂತ್ರಜ್ಞಾನ, ಕಾನೂನು ಮತ್ತು ಅಪಾಯಗಳ ಪರಿಚಯ ಇಲ್ಲಿದೆ.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂಬುದು ನಕಲಿಗರನ್ನು ಹಂಗಿಸಲು ನಾವು ಬಳಸುವ ಗಾದೆ. ಆದರೆ ಮೋಟಾರು ಜಗತ್ತಿನಲ್ಲಿ ಹಾಗೆ ಸುಲಭವಾಗಿ ಹಂಗಿಸಲಾಗದ ನಕಲೊಂದಿದೆ. ಅದು ಎಸಿ ಕೋಬ್ರಾ, ಅಥವಾ ಶೆಲ್ಬಿ ಕೋಬ್ರಾ ಎಂಬ ಕಾರಿನ ಪ್ರತಿಕೃತಿ. 1960ರ ದಶಕದಲ್ಲಿ ತಯಾರಾದ ಅಸಲು ಕೋಬ್ರಾಗಳ ಸಂಖ್ಯೆ ಸುಮಾರು ಒಂದು ಸಾವಿರ ಮಾತ್ರ. ಆ ಬಳಿಕ ತಯಾರಾದ ಪ್ರತಿಕೃತಿಗಳು ಅದರ ಹತ್ತಾರು ಪಟ್ಟು. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಕಾರುಗಳ ಸಾಲಿನಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಇಂದು ಯಾವುದೇ ಪ್ರದರ್ಶನದಲ್ಲಿ ಕೋಬ್ರಾ ಕಂಡರೆ ಅದು ಪ್ರತಿಕೃತಿಯೇ ಇರಬಹುದೆಂದು ಊಹಿಸಿದರೆ ತಪ್ಪಾಗುವ ಸಂಭವ ಕಡಿಮೆ.

ಆಟಿಕೆಯಂತೆ ಕಾಣುವ ಈ ಹವ್ಯಾಸದ ಒಳಗೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಕಂಪನಿಯ ಕಾರನ್ನು ಕೊಂಡರೆ ಅದರ ಬ್ರೇಕಿಗೆ, ಸ್ಟೀರಿಂಗಿಗೆ, ಆಸನಪಟ್ಟಿಗೆ ಕಂಪನಿ ಹೊಣೆ. ಮನೆಯಲ್ಲಿ ಕಟ್ಟಿದ 400 ಅಶ್ವಶಕ್ತಿಯ ಕಾರಿಗೆ ಹೊಣೆ ಯಾರು?

ಅಸಲು ಕೋಬ್ರಾದ ಕಥೆ

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಥೇಮ್ಸ್ ಡಿಟನ್‌ನಲ್ಲಿ ಎಸಿ ಕಾರ್ಸ್ ಎಂಬ ಪುಟ್ಟ ಕಂಪನಿಯಿತ್ತು. 1953ರಲ್ಲಿ ಅದು ‘ಏಸ್’ ಎಂಬ ಎರಡು ಆಸನಗಳ ತೆರೆದ ಕಾರನ್ನು ಹೊರತಂದಿತು. ಉಕ್ಕಿನ ಕೊಳವೆಗಳ ಏಣಿಯಂಥ ಚೌಕಟ್ಟು, ಅದರ ಮೇಲೆ ಕೈಯಿಂದ ಬಡಿದು ರೂಪಿಸಿದ ಅಲ್ಯುಮಿನಿಯಂ ಹೊದಿಕೆ. ಕಾರು ಚೆಲುವಾಗಿತ್ತು, ಹಗುರವಾಗಿತ್ತು. ಆದರೆ ಅದಕ್ಕೆ ಬ್ರಿಸ್ಟಲ್ ಕಂಪನಿ ಪೂರೈಸುತ್ತಿದ್ದ 2 ಲೀಟರಿನ ಆರು ಸಿಲಿಂಡರ್ ಎಂಜಿನ್‌ನ ತಯಾರಿಕೆ 1961ರಲ್ಲಿ ನಿಂತುಹೋಯಿತು.

ಅದೇ ಹೊತ್ತಿಗೆ ಅಮೆರಿಕದ ಟೆಕ್ಸಾಸ್ ಮೂಲದ ಕ್ಯಾರೊಲ್ ಶೆಲ್ಬಿ ಹೊಸ ದಾರಿಯೊಂದನ್ನು ಹುಡುಕುತ್ತಿದ್ದರು. ಒಂದು ಕಾಲಕ್ಕೆ ಕೋಳಿ ಸಾಕಣೆ ಮಾಡಿ ಕೈಸುಟ್ಟುಕೊಂಡಿದ್ದ ಶೆಲ್ಬಿ, ಬಳಿಕ ರೇಸ್ ಚಾಲಕರಾಗಿ ಹೆಸರು ಮಾಡಿದವರು. 1959ರಲ್ಲಿ ರಾಯ್ ಸಾಲ್ವಡೊರಿ ಜತೆಗೂಡಿ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಲೆ ಮಾನ್ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದಿದ್ದರು. ಹೃದಯದ ಕಾಯಿಲೆಯಿಂದಾಗಿ 1960ರಲ್ಲಿ ಅವರು ಸ್ಪರ್ಧೆಗಳಿಂದ ಹಿಂದೆ ಸರಿಯಬೇಕಾಯಿತು. ಬ್ರಿಟನ್ನಿನ ಹಗುರ ಕಾರಿಗೆ ಅಮೆರಿಕದ ಬಲವಾದ ವಿ-8 ಎಂಜಿನ್ ಕೂಡಿಸಬಹುದೆಂಬ ಯೋಚನೆಯನ್ನು 1961ರ ಸೆಪ್ಟೆಂಬರ್‌ನಲ್ಲಿ ಅವರು ಎಸಿ ಕಂಪನಿಗೆ ಪತ್ರಮುಖೇನ ತಿಳಿಸಿದರು. ಫೋರ್ಡ್ ಕಂಪನಿ ಆಗಷ್ಟೇ ರೂಪಿಸಿದ್ದ, ಗಾತ್ರದಲ್ಲಿ ಚಿಕ್ಕದಾದ ವಿ-8 ಎಂಜಿನ್ ಈ ಯೋಜನೆಗೆ ಒದಗಿಬಂತು. 1962ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಫೆ ಸ್ಪ್ರಿಂಗ್ಸ್‌ನ ಗ್ಯಾರೇಜೊಂದರಲ್ಲಿ 260 ಘನ ಅಂಗುಲ, ಅಂದರೆ 4.3 ಲೀಟರಿನ ಎಂಜಿನನ್ನು ಮೊದಲ ಕಾರಿಗೆ ಕೂರಿಸಲಾಯಿತು. ಸಿಎಸ್‌ಎಕ್ಸ್ 2000 ಎಂಬ ಸಂಖ್ಯೆಯ ಅದೇ ಕಾರು 2016ರ ಆಗಸ್ಟ್‌ನಲ್ಲಿ 1.375 ಕೋಟಿ ಡಾಲರಿಗೆ ಹರಾಜಾಯಿತು.

ಕೋಬ್ರಾದ ತಳಹದಿಯ ಮೇಲೆ ಪೀಟರ್ ಬ್ರಾಕ್ ವಿನ್ಯಾಸಗೊಳಿಸಿದ ಮುಚ್ಚಿದ ಹೊದಿಕೆಯ ಡೇಟೋನಾ ಕೂಪೆ 1964ರ ಲೆ ಮಾನ್‌ನಲ್ಲಿ ತನ್ನ ವರ್ಗದ ಗೆಲುವು ಸಾಧಿಸಿತು. 1965ರಲ್ಲಿ ಶೆಲ್ಬಿ ತಂಡ ಫೆರಾರಿಯನ್ನು ಹಿಂದಿಕ್ಕಿ ಜಿಟಿ ವರ್ಗದ ವಿಶ್ವ ಪ್ರಶಸ್ತಿಯನ್ನೇ ತನ್ನದಾಗಿಸಿಕೊಂಡಿತು.

ಇಂದು ಹೆಚ್ಚಾಗಿ ನಕಲಾಗುವುದು 1965ರಲ್ಲಿ ಬಂದ 427 ಮಾದರಿ. ಚೌಕಟ್ಟಿನ ಮುಖ್ಯ ಕೊಳವೆಗಳು ಮೂರು ಅಂಗುಲದಿಂದ ನಾಲ್ಕು ಅಂಗುಲಕ್ಕೆ ದಪ್ಪಗಾದವು, ಪಟ್ಟಿಯ ಸ್ಪ್ರಿಂಗ್ ಹೋಗಿ ಸುರುಳಿ ಸ್ಪ್ರಿಂಗ್ ಬಂತು, ಎಂಜಿನ್ 7 ಲೀಟರಿಗೆ ಏರಿತು. ಶಕ್ತಿ ಸುಮಾರು 425 ಅಶ್ವಶಕ್ತಿ, ತೂಕ ಸುಮಾರು 1,100 ಕಿಲೋ. ನಮಗೆ ಪರಿಚಿತವಾದ ಮಾರುತಿ 800ರ ಎಂಜಿನ್ 796 ಸಿಸಿಯದು, ಶಕ್ತಿ 37 ಅಶ್ವಶಕ್ತಿಯ ಆಸುಪಾಸು ಎಂಬುದನ್ನು ನೆನೆದರೆ ಅಂತರ ತಿಳಿದೀತು.

ಇಲ್ಲೊಂದು ವಿಪರ್ಯಾಸವಿದೆ. ಜಿಟಿ ವರ್ಗದಲ್ಲಿ ಸ್ಪರ್ಧಿಸಲು ನೂರು ಕಾರುಗಳು ಸಿದ್ಧವಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. 1965ರಲ್ಲಿ ಅಧಿಕಾರಿಗಳು ಪರಿಶೀಲನೆಗೆ ಬಂದಾಗ ಸಿದ್ಧವಿದ್ದ 427 ಮಾದರಿಯ ಸ್ಪರ್ಧಾ ಕಾರುಗಳು 51 ಮಾತ್ರ. ಮಾನ್ಯತೆ ದೊರೆಯಲಿಲ್ಲ. ಮಾರಾಟವಾಗದೆ ಉಳಿದ ಸ್ಪರ್ಧಾ ಕಾರುಗಳನ್ನೇ ರಸ್ತೆಗೆ ಹೊಂದಿಸಿ ‘ಎಸ್‌/ಸಿ’ ಎಂಬ ಹೆಸರಿನಲ್ಲಿ ಮಾರಲಾಯಿತು. ಬಾನೆಟ್ಟಿನ ಮೇಲಿನ ಗಾಳಿಗಂಡಿ, ಬಾಗಿಲ ಕೆಳಗೆ ಹಾಯುವ ಸೈಲೆನ್ಸರ್, ಚಾಲಕನ ಹಿಂದಿನ ಕಮಾನು - ಪ್ರತಿಕೃತಿಕಾರರು ಇಂದು ಅಕ್ಕರೆಯಿಂದ ಅನುಕರಿಸುವ ಈ ರೂಪ ಆ ಉಳಿಕೆ ಕಾರುಗಳದ್ದು. ಇನ್ನು 427 ಎಂದು ಮಾರಾಟವಾದ ಅಸಲು ಕಾರುಗಳಲ್ಲೇ ಹಲವಕ್ಕೆ ಅಗ್ಗದ, ಬೇರೆ ಸ್ವಭಾವದ 428 ಎಂಜಿನ್ ಅಳವಡಿಸಲಾಗಿತ್ತು. ಅಸಲು ಎಂಬ ಮಾತು ಅಂದೂ ಪೂರ್ತಿ ಸರಳವಾಗಿರಲಿಲ್ಲ.

ನಕಲಿಗೆ ಇದೇ ಕಾರು ಏಕೆ?

ಮೊದಲ ಕಾರಣ ಬೆಲೆ. ಶೆಲ್ಬಿ ಸ್ವತಃ ಬಳಸುತ್ತಿದ್ದ ಒಂದು 427 ಕಾರು 2007ರ ಹರಾಜಿನಲ್ಲಿ 55 ಲಕ್ಷ ಡಾಲರಿಗೆ ಹೋಯಿತು. ಸಾಮಾನ್ಯ ಸಂಬಳದಾರ ಇದನ್ನು ಕನಸಿನಲ್ಲಷ್ಟೇ ಕೊಳ್ಳಬಹುದು.

ಎರಡನೆಯದು ಸರಳತೆ. ಈ ಕಾರಿಗೆ ಚಾವಣಿಯಿಲ್ಲ, ಬಾಗಿಲಲ್ಲಿ ಏರಿಳಿಯುವ ಗಾಜಿಲ್ಲ. ಹೊದಿಕೆ ತೆಗೆದರೆ ಉಳಿಯುವುದು ಕೊಳವೆಯ ಚೌಕಟ್ಟು. ಅದಕ್ಕೆ ಬೇಕಾದ ಫೋರ್ಡ್ ವಿ-8 ಎಂಜಿನ್ ಅಮೆರಿಕದ ಯಾವ ಊರಿನಲ್ಲಾದರೂ ಸಿಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1995ರಲ್ಲಿ ಆರಂಭವಾದ ಫ್ಯಾಕ್ಟರಿ ಫೈವ್ ರೇಸಿಂಗ್ ಕಂಪನಿ ಈ ಸರಳತೆಯನ್ನೇ ಬಂಡವಾಳ ಮಾಡಿಕೊಂಡಿತು. ಹಳೆಯ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡು ಬಿಚ್ಚಿ, ಅದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕುಗಳನ್ನು ಹೊಸ ಚೌಕಟ್ಟಿಗೆ ಜೋಡಿಸುವ ಉಪಾಯ ಅದರದು.

ಈ ಮಾರುಕಟ್ಟೆಯಲ್ಲಿ ಹಲವು ಮೆಟ್ಟಿಲುಗಳಿವೆ. ಫೈಬರ್ ಗ್ಲಾಸ್ ಹೊದಿಕೆಯ ಕಿಟ್‌ಗಳು ಒಂದೆಡೆ. ದಕ್ಷಿಣ ಆಫ್ರಿಕಾದ ಕಾರ್ಖಾನೆಯಲ್ಲಿ ಬಹುಪಾಲು ಪೂರ್ಣಗೊಂಡು, ಎಂಜಿನ್ ಇಲ್ಲದೆ ಹಡಗೇರುವ ಸೂಪರ್‌ಫಾರ್ಮೆನ್ಸ್ ಕಾರುಗಳು ಇನ್ನೊಂದೆಡೆ. ಅಮೆರಿಕದ ಯೂಟಾ ರಾಜ್ಯದ ಕರ್ಕಮ್ ಕಂಪನಿಯಂತೂ ಹಿಂದೆ ಮಿಗ್ ವಿಮಾನ ತಯಾರಿಸುತ್ತಿದ್ದ ಪೋಲೆಂಡಿನ ಕಾರ್ಖಾನೆಯ ಕುಶಲಕರ್ಮಿಗಳಿಂದ ಅಲ್ಯುಮಿನಿಯಂ ಹೊದಿಕೆಗಳನ್ನು ಮಾಡಿಸಿತು. 2019ರ ‘ಫೋರ್ಡ್ ವರ್ಸಸ್ ಫೆರಾರಿ’ ಚಿತ್ರದಲ್ಲಿ ಓಡಾಡಿದ್ದು ಬಹುಮಟ್ಟಿಗೆ ಪ್ರತಿಕೃತಿಗಳೇ.

ಪೆಟ್ಟಿಗೆಯಿಂದ ಚಕ್ರದ ಮೇಲಕ್ಕೆ

ಕಿಟ್ ಎಂಬುದು ಚೌಕಟ್ಟು, ಅದರ ಮೇಲೆ ಸುಮ್ಮನೆ ಕೂರಿಸಿದ ಹೊದಿಕೆ ಮತ್ತು ಬಿಡಿಭಾಗಗಳ ಹತ್ತಾರು ಪೆಟ್ಟಿಗೆಗಳ ರೂಪದಲ್ಲಿ ಲಾರಿಯಲ್ಲಿ ಬಂದಿಳಿಯುತ್ತದೆ. ಕಟ್ಟುವವನ ಮೊದಲ ಕೆಲಸ ಯಾದಿ ಹಿಡಿದು ಎಣಿಸುವುದು. ಎರಡನೆಯದು ಹೊದಿಕೆಯನ್ನು ಎತ್ತಿ ಪಕ್ಕಕ್ಕಿಡುವುದು. ಮುಂದಿನ ಹಲವು ತಿಂಗಳು ಅದರ ಅಗತ್ಯ ಬೀಳದು.

ಬಳಿಕ ಮುಂದಿನ ಸಸ್ಪೆನ್ಷನ್, ಹಿಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕಿನ ಕೊಳವೆ, ಪೆಟ್ರೋಲ್ ಟ್ಯಾಂಕು, ವೈರಿಂಗ್ - ಹೀಗೆ ಕೆಲಸ ಸಾಗುತ್ತದೆ. ಚಾಲಕನ ಕಾಲಿಡುವ ಜಾಗವನ್ನು ಅಲ್ಯುಮಿನಿಯಂ ತಗಡುಗಳಿಂದ ರಿವೆಟ್ ಹೊಡೆದು ಮುಚ್ಚಲಾಗುತ್ತದೆ. ಕೊನೆಗೆ ಸಣ್ಣ ಕ್ರೇನಿನಲ್ಲಿ ತೂಗಿಸಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಾಗಿ ಇಳಿಸುತ್ತಾರೆ. ಎಂಜಿನ್ ಮೊದಲ ಬಾರಿ ಉಸಿರಾಡಿದ ಮೇಲೆ, ಹೊದಿಕೆಯಿಲ್ಲದ ಈ ಅಸ್ಥಿಪಂಜರವನ್ನೇ ಜನಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡುವ ಪದ್ಧತಿಯಿದೆ. ಹವ್ಯಾಸಿಗಳು ಇದನ್ನು ‘ಗೋ ಕಾರ್ಟ್ ಹಂತ’ ಎನ್ನುತ್ತಾರೆ. ಇದು ಮೋಜಿಗೆ ಮಾತ್ರವಲ್ಲ. ಎಣ್ಣೆಯ ಸೋರಿಕೆ, ಸಡಿಲವಾದ ಬೋಲ್ಟು, ವೈರಿಂಗಿನ ದೋಷ ಮುಂತಾದವು ಕಣ್ಣಿಗೆ ಬೀಳುವುದೂ, ಕೈಗೆ ಎಟಕುವುದೂ ಈ ಹಂತದಲ್ಲೇ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಹೊದಿಕೆಯ ಕೆಲಸ. ಅಚ್ಚಿನಿಂದ ಬಂದ ಫೈಬರ್ ಗ್ಲಾಸ್‌ನಲ್ಲಿ ಅಂಚುಗೆರೆಗಳಿರುತ್ತವೆ, ಏರಿಳಿತಗಳಿರುತ್ತವೆ. ಬಾಗಿಲು, ಬಾನೆಟ್ಟು, ಡಿಕ್ಕಿಗಳ ಸುತ್ತಲಿನ ಸಂದು ಎಲ್ಲೆಡೆ ಒಂದೇ ಅಳತೆಯಲ್ಲಿ ಬರುವವರೆಗೆ ಪುಟ್ಟಿ ಹಚ್ಚುವುದು, ಉಜ್ಜುವುದು, ಮತ್ತೆ ಹಚ್ಚುವುದು. ಬಣ್ಣವು ದೋಷವನ್ನು ಮುಚ್ಚುವುದಿಲ್ಲ. ಹೊಳಪು ಹೆಚ್ಚಿದಷ್ಟೂ ಅದನ್ನು ಎತ್ತಿ ತೋರುತ್ತದೆ. ಇಡೀ ಕೆಲಸಕ್ಕೆ ನೂರಾರು ಗಂಟೆ ಹಿಡಿಯುತ್ತದೆ. ವಾರಾಂತ್ಯದಲ್ಲಷ್ಟೇ ಬಿಡುವಿರುವವರಿಗೆ ಒಂದೆರಡು ವರ್ಷವೇ ಬೇಕಾಗಬಹುದು. ಖರ್ಚೂ ಅಷ್ಟೇ. ಎಂಜಿನ್, ಟೈರು, ಬಣ್ಣ ಸೇರಿದಾಗ ಒಟ್ಟು ಮೊತ್ತ ಕಿಟ್‌ನ ಬೆಲೆಯನ್ನು ಬಹಳ ಹಿಂದೆ ಹಾಕಿರುತ್ತದೆ.

ಎಂಜಿನ್ನಿನ ಹದ

ಎಂಜಿನ್ ಓಡುವುದು ಬೇರೆ, ಹದವಾಗಿ ಓಡುವುದು ಬೇರೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆದರೆ ವೇಗವರ್ಧಕವನ್ನು ಪೂರ್ತಿ ಒತ್ತಿದಾಗ 12.5ರಿಂದ 13ರ ನಡುವಿನ, ಪೆಟ್ರೋಲ್ ತುಸು ಹೆಚ್ಚಿರುವ ಮಿಶ್ರಣವೇ ಕ್ಷೇಮ. ಪೆಟ್ರೋಲ್ ಕಡಿಮೆಯಾದರೆ ಕಾವು ಏರಿ, ಮಿಶ್ರಣ ಅಕಾಲದಲ್ಲಿ ಸಿಡಿದು ಪಿಸ್ಟನ್ನೇ ಕರಗಬಹುದು. ಹೆಚ್ಚಾದರೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ.

ಕಿಡಿ ಹಾರುವ ಗಳಿಗೆಯೂ ಅಷ್ಟೇ ಮುಖ್ಯ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಫೋರ್ಡ್ ವಿ-8 ಎಂಜಿನ್‌ನಲ್ಲಿ, ವೇಗ ಏರಿದಾಗ ಈ ಮುಂಗಡ ಸಾಮಾನ್ಯವಾಗಿ 34-36 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಿಂದೆ ಇದನ್ನೆಲ್ಲ ಮೆಕ್ಯಾನಿಕ್ ಕಿವಿಯಿಂದ ಕೇಳಿ, ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸುತ್ತಿದ್ದ. ಈಗ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಶಕ್ತಿ ಅಳೆಯುವ ಡೈನೋ ಯಂತ್ರ ಇದೆ, ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಂವೇದಕ ಇದೆ. ಡೈನೋ ತೋರುವ ಅಂಕಿ ಎಂಜಿನ್ ಮಾರಿದವರು ಹೇಳಿದ್ದಕ್ಕಿಂತ ಕಡಿಮೆ ಬಂದಾಗ ಹಲವರು ಪೆಚ್ಚಾಗುತ್ತಾರೆ. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳ ಘರ್ಷಣೆಗೆ ಒಂದು ಪಾಲು ಶಕ್ತಿ ತೆರಿಗೆಯಂತೆ ಸಂದಾಯವಾಗುವುದೇ ಇದಕ್ಕೆ ಕಾರಣ.

ಬ್ರೇಕು, ಟೈರು ಮತ್ತು ಚಾಲಕ

ಆದರೆ ಶಕ್ತಿಯನ್ನು ಹೆಚ್ಚಿಸುವುದಲ್ಲ, ಅದನ್ನು ಅಂಕೆಯಲ್ಲಿಡುವುದೇ ನಿಜವಾದ ವಿದ್ಯೆ. ಅಸಲು ಕೋಬ್ರಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 90 ಅಂಗುಲ ಮಾತ್ರ. ಪ್ರತಿಕೃತಿಗಳದ್ದೂ ಇದರ ಆಸುಪಾಸಿನಲ್ಲೇ. ಇಷ್ಟು ಗಿಡ್ಡ ಕಾರಿನ ಹಿಂಚಕ್ರಗಳಿಗೆ 400 ಅಶ್ವಶಕ್ತಿ ಹರಿದರೆ, ಒದ್ದೆ ರಸ್ತೆಯಲ್ಲಿ ಪಾದ ತುಸು ಜಾರಿದರೂ ಕಾರು ಬುಗುರಿಯಂತೆ ತಿರುಗಬಲ್ಲದು. ಈ ಮಾದರಿಯ ಬಹುತೇಕ ಕಾರುಗಳಲ್ಲಿ ಎಬಿಎಸ್ ಇರುವುದಿಲ್ಲ, ಚಕ್ರ ಜಾರಿದರೆ ಶಕ್ತಿ ತಗ್ಗಿಸುವ ಗಣಕವಿಲ್ಲ, ಗಾಳಿಚೀಲವಿಲ್ಲ. ಇಂದಿನ ಸಾಮಾನ್ಯ ಕಾರು ಚಾಲಕನ ತಪ್ಪನ್ನು ಎಷ್ಟೋ ಸಲ ಸದ್ದಿಲ್ಲದೆ ತಿದ್ದುತ್ತದೆ. ಇದು ತಿದ್ದುವುದಿಲ್ಲ.

ಆದ್ದರಿಂದಲೇ ಅನುಭವಿಗಳು ಡೈನೋಗಿಂತ ಮೊದಲು ನಾಲ್ಕು ತಕ್ಕಡಿಗಳನ್ನು ಹುಡುಕುತ್ತಾರೆ. ಚಾಲಕನ ತೂಕವನ್ನೂ ಆಸನದಲ್ಲಿರಿಸಿ, ಪ್ರತಿ ಚಕ್ರದ ಕೆಳಗೊಂದು ತಕ್ಕಡಿ ಇಡಲಾಗುತ್ತದೆ. ಎಡ ಮುಂಚಕ್ರ ಮತ್ತು ಬಲ ಹಿಂಚಕ್ರದ ಭಾರ ಒಟ್ಟು ತೂಕದ ಅರ್ಧಕ್ಕೆ ಹತ್ತಿರವಾಗುವವರೆಗೆ ಸ್ಪ್ರಿಂಗ್‌ಗಳ ಎತ್ತರವನ್ನು ಹೊಂದಿಸುತ್ತಾರೆ. ಆಗ ಎಡ ತಿರುವಿಗೂ ಬಲ ತಿರುವಿಗೂ ಕಾರಿನ ವರ್ತನೆ ಒಂದೇ ತೆರನಾಗಿರುತ್ತದೆ. ಮುಂದಿನದು ಬ್ರೇಕಿನ ಪಾಲು. ಜೋರಾಗಿ ಒತ್ತಿದಾಗ ಮುಂಚಕ್ರಗಳೇ ಮೊದಲು ಬಿಗಿಯಬೇಕು. ಹಿಂಚಕ್ರಗಳು ಮೊದಲು ಬಿಗಿದರೆ ಕಾರಿನ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ.

ಟೈರಿನ ವಿಷಯ ಇನ್ನೂ ಸೂಕ್ಷ್ಮ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರಿನ ಟೈರು ಸವೆಯುವುದಿಲ್ಲ, ಆದರೆ ರಬ್ಬರು ಗಟ್ಟಿಯಾಗುತ್ತದೆ. ನೋಡಲು ಹೊಸತು, ಹಿಡಿತದಲ್ಲಿ ಹಳತು. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಲು ಕಲಿತರೆ ಈ ಮೋಸ ಬಯಲಾಗುತ್ತದೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದ ಟೈರು. ಈ ಮಾತು ನಮ್ಮ ನಿಮ್ಮ ಕಾರಿಗೂ ಅನ್ವಯಿಸುತ್ತದೆ.

ಬಾಗಿಲ ಕೆಳಗಿನ ಸೈಲೆನ್ಸರ್ ಸುಡು ಸುಡು ಕಾದಿರುತ್ತದೆ. ಇಳಿಯುವಾಗ ಮೈಮರೆತರೆ ಮೀನಖಂಡಕ್ಕೆ ಬರೆ ಬೀಳುವುದು ಖಚಿತ. ಕೋಬ್ರಾ ಬಳಗದಲ್ಲಿ ಇದಕ್ಕೆ ‘ಹಾವಿನ ಕಡಿತ’ ಎಂದೇ ಹೆಸರು. ಗಾದೆಯ ನರಿಯ ಪಾಡು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಕಾನೂನಿನ ಕಣ್ಣು

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಒಂಟಿ ವಾಹನ ಮಾನ್ಯತೆಯ ಪರೀಕ್ಷೆಯನ್ನು ಗೆಲ್ಲಬೇಕು. ಐವಿಎ ಎಂದು ಕರೆಯಲಾಗುವ ಈ ವ್ಯವಸ್ಥೆ ಹಳೆಯ ಪರೀಕ್ಷೆಯ ಜಾಗದಲ್ಲಿ 2009ರಿಂದ ಜಾರಿಗೆ ಬಂತು. ಬ್ರೇಕು, ಹೊಗೆ, ಸದ್ದು, ಆಸನಪಟ್ಟಿಯ ಆಧಾರ, ಕನ್ನಡಿಯ ನೋಟ ಎಲ್ಲವನ್ನೂ ಪರೀಕ್ಷಿಸಲಾಗುತ್ತದೆ. ಪಾದಚಾರಿಗೆ ತಗಲಬಹುದಾದ ಹೊರಗಿನ ಚೂಪು ಅಂಚುಗಳನ್ನೂ ಅಳತೆಗೋಲು ಹಿಡಿದು ನೋಡುತ್ತಾರೆ. ಬಳಸಿದ ಭಾಗಗಳ ವಯಸ್ಸು, ಗುರುತು ಸ್ಪಷ್ಟವಾಗದ ಕಾರಿಗೆ ‘ಕ್ಯೂ’ ಅಕ್ಷರದ ನೋಂದಣಿ ಫಲಕ ನೀಡಲಾಗುತ್ತದೆ. ಹಳೆಯ ಕಾರಿನ ಸೋಗು ಹಾಕದಂತೆ ತಡೆಯುವ ಬಗೆಯಿದು.

ಅಮೆರಿಕದಲ್ಲಿ ಈ ಹೊಣೆ ರಾಜ್ಯಗಳದ್ದು, ನಿಯಮಗಳೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಮೊದಲ 500 ಸ್ವನಿರ್ಮಿತ ವಾಹನಗಳಿಗೆ ಮಾತ್ರ, ಅವು ಹೋಲುವ ಹಳೆಯ ಮಾದರಿಯ ಕಾಲದ ಹೊಗೆ ನಿಯಮ ಅನ್ವಯಿಸುವ ರಿಯಾಯಿತಿಯಿದೆ. ಕಂಪನಿಗಳು ಪೂರ್ಣಗೊಂಡ ಪ್ರತಿಕೃತಿಗಳನ್ನು ಮಾರಲು ಅಡ್ಡಿಯಿದ್ದುದರಿಂದಲೇ ಎಂಜಿನ್ ಇಲ್ಲದ ಕಾರುಗಳ ವ್ಯಾಪಾರ ಬೆಳೆದದ್ದು. 2015ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆ ಸಣ್ಣ ತಯಾರಕರಿಗೆ ವರ್ಷಕ್ಕೆ 325 ಪ್ರತಿಕೃತಿಗಳವರೆಗೆ ಅವಕಾಶ ನೀಡಿತು. ಆದರೆ ಮೂಲ ಮಾದರಿ ಕನಿಷ್ಠ 25 ವರ್ಷ ಹಳೆಯದಾಗಿರಬೇಕು. ಇದರ ಅಂತಿಮ ನಿಯಮಗಳು ಹೊರಬರಲು ಹಲವು ವರ್ಷ ಕಾಯಬೇಕಾಯಿತು.

ಹೆಸರಿನ ಜಗಳ ಬೇರೆಯೇ. 2012ರಲ್ಲಿ ನಿಧನರಾದ ಶೆಲ್ಬಿ, ತಮ್ಮ ಹೆಸರು ಮತ್ತು ಕಾರಿನ ರೂಪದ ಹಕ್ಕಿಗಾಗಿ 2000ದ ದಶಕದಲ್ಲಿ ಕಿಟ್ ತಯಾರಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದರು. ಫ್ಯಾಕ್ಟರಿ ಫೈವ್ ತನ್ನ ಕಾರನ್ನು ‘ರೋಡ್‌ಸ್ಟರ್’ ಎಂದಷ್ಟೇ ಕರೆಯುತ್ತದೆ.

ಪ್ರದರ್ಶನದ ಅಂಗಳದಲ್ಲಿ

ಕಟ್ಟಿದ ಕಾರನ್ನು ನಾಲ್ಕು ಜನರ ಮುಂದಿಡುವುದು ಈ ಹವ್ಯಾಸದ ಕೊನೆಯ ಘಟ್ಟ. ಬ್ರಿಟನ್ನಿನ ಸ್ಟೋನ್‌ಲೀಯಲ್ಲಿ ನಡೆಯುತ್ತ ಬಂದಿರುವ ರಾಷ್ಟ್ರೀಯ ಕಿಟ್ ಕಾರ್ ಪ್ರದರ್ಶನ ಹೆಸರುವಾಸಿಯಾದುದು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಲಂಡನ್ ಎಂಬ ಪುಟ್ಟ ಊರಿದೆ. ಅಲ್ಲಿನ ಕೋಬ್ರಾ ಮೇಳವೂ ಹವ್ಯಾಸಿಗಳ ನಡುವೆ ಪ್ರಸಿದ್ಧಿ ಪಡೆದಿದೆ.

ತೀರ್ಪುಗಾರರು ಮೊದಲು ನೋಡುವುದು ಹೊಳೆಯುವ ಬಣ್ಣವನ್ನಲ್ಲ. ಬಾಗಿಲ ಸಂದು ಸಮವಾಗಿದೆಯೇ, ಬಾನೆಟ್ಟಿನ ಕೆಳಗೆ ವೈರುಗಳು ಬಿಸಿ ಕೊಳವೆಯಿಂದ ದೂರವಿವೆಯೇ, ಬ್ರೇಕಿನ ಕೊಳವೆ ಎಲ್ಲಾದರೂ ಉಜ್ಜುತ್ತಿದೆಯೇ, ಕಾರಿನ ಅಡಿಭಾಗ ಹೇಗಿದೆ ಎಂಬುದರತ್ತ ಅವರ ಗಮನ. ಚೊಕ್ಕ ಕೆಲಸ ಮತ್ತು ಸುರಕ್ಷಿತ ಕೆಲಸ ಬಹಳ ಮಟ್ಟಿಗೆ ಒಂದೇ ಎಂಬುದು ಇದರ ಹಿಂದಿನ ತರ್ಕ.

ಇಲ್ಲಿ ಪಾಲಿಸಬೇಕಾದ ಮರ್ಯಾದೆಯೊಂದಿದೆ. ಕಾರಿನ ಮುಂದಿಡುವ ಫಲಕದಲ್ಲಿ ಅದು ಪ್ರತಿಕೃತಿಯೆಂದು, ಯಾರ ಕಿಟ್, ಯಾವ ವರ್ಷ, ಯಾವ ಎಂಜಿನ್ ಎಂದು ಬರೆಯಬೇಕು. ಅಸಲು ಕಾರುಗಳ ಪ್ರತಿ ಚಾಸಿ ಸಂಖ್ಯೆಯ ಇತಿಹಾಸವನ್ನೂ 1975ರಲ್ಲಿ ಸ್ಥಾಪನೆಯಾದ ಶೆಲ್ಬಿ ಅಮೆರಿಕನ್ ಆಟೊಮೊಬೈಲ್ ಕ್ಲಬ್ ದಾಖಲಿಸಿಟ್ಟಿದೆ. ಹಾಗಾಗಿ ಸುಳ್ಳು ಸಂಖ್ಯೆಯ ಫಲಕ ಅಂಟಿಸಿ ಅಸಲೆಂದು ನಂಬಿಸುವುದು ಸುಲಭವಲ್ಲ. ನಕಲೆಂದು ಹೇಳಿಕೊಂಡದ್ದು ಪ್ರತಿಕೃತಿ, ಮುಚ್ಚಿಟ್ಟದ್ದು ವಂಚನೆ. ಎರಡರ ನಡುವೆ ಇರುವುದು ಒಂದು ಚೀಟಿಯ ಅಂತರ.

ನಮ್ಮಲ್ಲಿ ಸಾಧ್ಯವೇ?

ಇದನ್ನೋದಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂಥದ್ದೊಂದು ಪ್ರಯತ್ನಕ್ಕೆ ಕೈಹಾಕುವ ಆಸೆ ಮೂಡಿದರೆ ಕಾನೂನನ್ನು ಮೊದಲೇ ಅರಿಯುವುದು ಒಳಿತು. ಭಾರತದಲ್ಲಿ ತಯಾರಾಗುವ ವಾಹನದ ಮಾದರಿಯು ಪುಣೆಯ ಎಆರ್‌ಎಐ ಮುಂತಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಗೊಳಗಾಗಬೇಕು. ಬ್ರಿಟನ್ನಿನ ಐವಿಎಯಂತೆ ಹವ್ಯಾಸಿಯೊಬ್ಬ ಒಂದೇ ಕಾರನ್ನು ಕಟ್ಟಿ ತೋರಿಸುವ ಸುಲಭ ದಾರಿ ಇಲ್ಲಿಲ್ಲ. ಹಳೆಯ ಕಾರಿನ ಮೈಬದಲಿಸುವ ಅಡ್ಡದಾರಿಯೂ ಮುಚ್ಚಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗಷ್ಟೇ ಅನ್ವಯ. ಪ್ರತಿಕೃತಿ ಎಷ್ಟೇ ಹಳತಾಗಿ ಕಂಡರೂ ಅದರಡಿ ಬಾರದು.

ನಿಯಮ ಕಠಿಣವೆನಿಸಬಹುದು. ಆದರೆ ಅದು ಕೇಳುವ ಪ್ರಶ್ನೆ ನ್ಯಾಯವಾದುದೇ: ಈ ವಾಹನ ಬ್ರೇಕ್ ಹಾಕಿದಾಗ ನಿಲ್ಲುತ್ತದೆ ಎಂಬುದಕ್ಕೆ ಖಾತರಿ ಕೊಡುವವರು ಯಾರು? ಪ್ರತಿಕೃತಿ ಕಟ್ಟುವ ಉತ್ತಮ ಹವ್ಯಾಸಿ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತಾನೆ. ಪ್ರತಿ ಬೋಲ್ಟನ್ನು ಸರಿಯಾದ ಬಿಗಿತಕ್ಕೆ ತಿರುಗಿಸಿ, ಅದರ ಮೇಲೆ ಬಣ್ಣದ ಗೆರೆ ಎಳೆಯುತ್ತಾನೆ. ಗೆರೆ ಸರಿದಿದ್ದರೆ ಬೋಲ್ಟು ಸಡಿಲವಾಗಿದೆಯೆಂದು ಅರ್ಥ. ಮೊದಲ 100 ಕಿಲೋಮೀಟರ್ ಓಡಿದ ಬಳಿಕ ಮತ್ತೆ ಕೆಳಗೆ ಮಲಗಿ, ದೀಪ ಹಿಡಿದು, ಒಂದೊಂದೇ ಗೆರೆಯನ್ನು ನೋಡುತ್ತಾನೆ. ಪ್ರದರ್ಶನದಲ್ಲಿ ಯಾರಿಗೂ ಕಾಣದ ಆ ಗೆರೆಗಳೇ ಅವನ ಕಾರಿನ ಅತಿ ಮುಖ್ಯ ಬಣ್ಣ.